ಓದುವುದು ನನ್ನ ಕೆಲಸ, ತೀರ್ಮಾನ ಮಗಳದು

ತೆರೆಯ ಮೇಲೆ ಈಗ ಕಾಣುತ್ತಿರುವ ಹಸಿರು ಚುಕ್ಕೆಗಳು ಹುಲ್ಲುಗಾವಲು, ನೀಲಿ ಅಲೆಗೆರೆಗಳು ಕಡಲು, ಇವೆರಡರ ನಡುವೆ ನಿಂತಿರುವ ಉಗುರಿನಷ್ಟು ಚಿಕ್ಕ ಆಕೃತಿ ನನ್ನ ಆರು ವರ್ಷದ ಮಗಳು. ಆಟದ ಹೆಸರು ಅಲ್ಟಿಮಾ 4. ರಿಚರ್ಡ್ ಗ್ಯಾರಿಯಟ್ ರೂಪಿಸಿದ ಈ ಆಟ 1985ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ನಾನು ಇದನ್ನು ಮೊದಲು ಆಡಿದ್ದು ಹದಿಮೂರನೆಯ ವಯಸ್ಸಿನಲ್ಲಿ, ಕೋಣೆಯ ಬಾಗಿಲು ಮುಚ್ಚಿಕೊಂಡು, ಒಬ್ಬಳೇ. ಈಗ ಅದೇ ಭೂಪಟವನ್ನು ತೊಡೆಯ ಮೇಲೆ ಕುಳಿತ ಮಗುವಿನೊಂದಿಗೆ ನೋಡುವಾಗ ಅದು ನನಗೆ ಗೊತ್ತಿದ್ದ ಆಟವೇ ಅಲ್ಲವೇನೋ ಎನ್ನಿಸುತ್ತದೆ.

ಇಷ್ಟು ಹೊಸ ಆಟಗಳಿರುವಾಗ ಹಳೆಯದೇ ಏಕೆ ಎಂಬ ಪ್ರಶ್ನೆ ಮೊದಲು ಎದ್ದದ್ದು ನಮ್ಮ ಮನೆಯೊಳಗೇ. ಅದಕ್ಕೆ ಉತ್ತರ ಹುಡುಕುತ್ತಾ ನಾನು ಈ ಆಟಗಳ ಮೂಲಕ್ಕೆ ಹೋಗಬೇಕಾಯಿತು. ಅಲ್ಟಿಮಾದಂಥ ರೋಲ್ ಪ್ಲೇಯಿಂಗ್ ಆಟ, ಎಂದರೆ ಆಡುವವರು ಪಾತ್ರವೊಂದನ್ನು ವಹಿಸಿಕೊಳ್ಳುವ ಆಟ, ಹುಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೇಜಿನ ಸುತ್ತ ಕುಳಿತು ಆಡುವಂಥದ್ದು: ಒಬ್ಬರು ಕಥೆಯನ್ನು ಹೇಳುತ್ತಾ ಹೋಗುತ್ತಾರೆ, ಉಳಿದವರು ತಮ್ಮ ಪಾತ್ರ ಈಗ ಏನು ಮಾಡುತ್ತದೆ ಎಂದು ತಿಳಿಸುತ್ತಾರೆ, ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಂಪ್ಯೂಟರ್ ಬಂದ ಮೇಲೆ ಆ ಕಥೆಗಾರನ ಆಸನವನ್ನು ಯಂತ್ರ ಹಿಡಿಯಿತು. ಆದರೆ ಆಡಲು ಕುಳಿತವರಿಗೆ ಇನ್ನೂ ಓದಲು ಬಾರದಿದ್ದರೆ ಯಂತ್ರ ಹೇಳುವ ಕಥೆ ಅವರನ್ನು ಮುಟ್ಟುವುದಿಲ್ಲ. ಆ ಆಸನ ಮತ್ತೆ ಖಾಲಿಯಾಗುತ್ತದೆ. ನಾನು ಕುಳಿತಿರುವುದು ಆ ಆಸನದಲ್ಲಿ. ತೆರೆಯ ಮೇಲೆ ಬಂದದ್ದನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ, ಮುಂದೇನು ಎಂಬುದನ್ನು ಅವಳು ತೀರ್ಮಾನಿಸುತ್ತಾಳೆ. ಹಳೆಯ ಆಟಗಳಲ್ಲಿ ಇದು ಸಾಧ್ಯವಾಗುವುದು ಅವುಗಳಲ್ಲಿ ಹಲವು ಸರದಿಯ ಮೇಲೆ ನಡೆಯುವುದರಿಂದ. ನಮ್ಮ ಮಾತು ಮುಗಿಯುವವರೆಗೂ ಕಾಯುವ ತಾಳ್ಮೆ ಅವುಗಳಿಗಿದೆ.

ಈ ಒಪ್ಪಂದಕ್ಕೆ ಬರುವ ಮುನ್ನ ನಾನೊಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ನಾವು ಮೊದಲು ಆಡಿದ್ದು ಅಲ್ಟಿಮಾ ಅಲ್ಲ, ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರಚಿಸಿದ, 1981ರಲ್ಲಿ ಬಂದ ವಿಝರ್ಡ್ರಿ. ಬಿಳಿಯ ಗೆರೆಗಳಲ್ಲಿ ಮೂಡುವ ಓಣಿಗಳು, ಇಪ್ಪತ್ತಕ್ಕೆ ಇಪ್ಪತ್ತು ಚೌಕಗಳ ಹತ್ತು ಅಂತಸ್ತುಗಳು, ಅವುಗಳಲ್ಲಿ ಇಳಿಯುವ ಆರು ಜನರ ತಂಡ. ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆಯುತ್ತಾ ಹೋಗುವುದು ಮಗುವಿಗೆ ಒಳ್ಳೆಯ ಕೆಲಸ ಎಂದು ಎಣಿಸಿದ್ದೆ, ಆ ಎಣಿಕೆ ಸುಳ್ಳಾಗಲಿಲ್ಲ. ಆ ಆಟದಲ್ಲಿ ರಕ್ಷಾಕವಚದ ಅಂಕ 10ರಿಂದ ಆರಂಭವಾಗಿ, ರಕ್ಷಣೆ ಹೆಚ್ಚಿದಷ್ಟೂ ಇಳಿಯುತ್ತಾ ಸೊನ್ನೆಗಿಂತಲೂ ಕೆಳಗೆ ಹೋಗುತ್ತದೆ. ಸೊನ್ನೆಯ ಕೆಳಗೂ ಸಂಖ್ಯೆಗಳಿವೆ ಎಂಬುದು ಅವಳಿಗೆ ತಿಳಿದದ್ದು ಹಾಗೆ. ಆದರೆ ಆರು ಪಾತ್ರಗಳಿಗೆ ಅವಳು ಇಟ್ಟದ್ದು ಮನೆಯವರ ಹೆಸರುಗಳನ್ನು. ಗಾಯಕ್ಕೆ ಮದ್ದು ಹಚ್ಚುವವಳು ಅಜ್ಜಿಯೇ ತಾನೆ ಎಂದು ಅಜ್ಜಿಯನ್ನು ಪುರೋಹಿತೆಯಾಗಿ ಮಾಡಿದಳು.

ವಿಝರ್ಡ್ರಿಯಲ್ಲಿ ಸತ್ತ ಪಾತ್ರವನ್ನು ದೇವಾಲಯಕ್ಕೆ ಒಯ್ದು ಹಣ ಕೊಟ್ಟು ಬದುಕಿಸಬಹುದು. ಆ ಪ್ರಯತ್ನ ವಿಫಲವಾದರೆ ಪಾತ್ರ ಬೂದಿಯಾಗುತ್ತದೆ, ಮತ್ತೊಮ್ಮೆ ವಿಫಲವಾದರೆ ಶಾಶ್ವತವಾಗಿ ಅಳಿದುಹೋಗುತ್ತದೆ. ನಡೆದದ್ದೆಲ್ಲವನ್ನೂ ಆಟ ಡಿಸ್ಕಿಗೆ ಬರೆದಿಡುವುದರಿಂದ ಹಿಂದಿನ ಗಳಿಗೆಗೆ ಮರಳುವ ದಾರಿಯನ್ನು ಅದು ತಾನಾಗಿ ಕೊಡುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹೆಸರುಗಳನ್ನು ಇಡಲು ಬಿಟ್ಟಿದ್ದೆ. ಮೊದಲ ಅಂತಸ್ತಿನಲ್ಲೇ ಅಜ್ಜಿ ಸತ್ತಳು, ದೇವಾಲಯದಲ್ಲಿ ಬೂದಿಯಾದಳು, ಆ ಸಾಲನ್ನು ನಾನು ಓದಿ ಹೇಳಬೇಕಾಯಿತು. ಮಗಳು ಅತ್ತ ಅಳು ಆಟದ ಸೋಲಿಗೆ ಮಕ್ಕಳು ಅಳುವಂಥದ್ದಲ್ಲ. ಡಿಸ್ಕಿನ ಕಡತದ ಪ್ರತಿಯೊಂದನ್ನು ತೆಗೆದಿಟ್ಟಿದ್ದರಿಂದ ಮರುದಿನ ಅಜ್ಜಿಯನ್ನು ಮರಳಿ ತಂದೆ. ಆದರೆ ಅವಳನ್ನು ಮತ್ತೆ ಕತ್ತಲೆಗೆ ಕರೆದೊಯ್ಯಲು ಮಗಳು ಒಪ್ಪಲಿಲ್ಲ. ಊರಿನ ಗಿಲ್ಗಮೆಶ್ ಹೋಟೆಲಿನಲ್ಲಿ ಅವಳನ್ನು ಕೂರಿಸಿದಳು, ಅಜ್ಜಿ ಇವತ್ತಿಗೂ ಅಲ್ಲೇ ಇದ್ದಾಳೆ. ಸಾವು ಶಾಶ್ವತವಾಗಿರುವ ಆಟದಲ್ಲಿ ಬದುಕಿರುವವರ ಹೆಸರುಗಳನ್ನು ಚಿಕ್ಕ ಮಕ್ಕಳು ಇಡದಂತೆ ದಯವಿಟ್ಟು ನೋಡಿಕೊಳ್ಳಿ.

ಎರಡು ತಿಂಗಳು ಏನನ್ನೂ ಆಡದೆ ಕಳೆದು, ಆಮೇಲೆ ಅಲ್ಟಿಮಾ 4 ತೆರೆದೆವು. ಇದರ ಆರಂಭದಲ್ಲಿ ಅಂಕಗಳನ್ನು ಹಂಚುವ ಕೆಲಸವಿಲ್ಲ. ಜಾತ್ರೆಯ ಬಂಡಿಯಲ್ಲಿ ಕುಳಿತ ಕಣಿ ಹೇಳುವ ಹೆಂಗಸು ಎರಡೆರಡು ಕಾರ್ಡುಗಳನ್ನು ಹಾಸಿ, ಎರಡು ಒಳ್ಳೆಯ ಗುಣಗಳನ್ನು ಎದುರುಬದುರು ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮ, ವಿನಯ ಎಂಬ ಎಂಟು ಗುಣಗಳು ಏಳು ಪ್ರಶ್ನೆಗಳಲ್ಲಿ ಒಂದಕ್ಕೆ ಇಳಿಯುತ್ತವೆ. ಎಣಿಸದ ಹಣದ ಚೀಲವನ್ನು ತಲುಪಿಸಲು ನಿನಗೆ ಒಪ್ಪಿಸಿದ್ದಾರೆ, ದಾರಿಯಲ್ಲಿ ಭಿಕ್ಷುಕನೊಬ್ಬ ಎದುರಾಗುತ್ತಾನೆ, ಒಂದು ನಾಣ್ಯ ಕೊಟ್ಟರೆ ಯಾರಿಗೂ ತಿಳಿಯದು. ಕೊಡುವೆಯಾ, ಚೀಲವನ್ನು ಹಾಗೆಯೇ ತಲುಪಿಸುವೆಯಾ? ಮಗಳು ಬಹಳ ಹೊತ್ತು ಯೋಚಿಸಿ, ಹಿಂದಕ್ಕೆ ಓಡಿಹೋಗಿ ಯಜಮಾನರನ್ನೇ ಕೇಳಿ ಬರಬಹುದೇ ಎಂದಳು. ಆಟದಲ್ಲಿ ಆ ಮೂರನೆಯ ದಾರಿ ಇಲ್ಲ, ಎ ಮತ್ತು ಬಿ ಮಾತ್ರ ಇವೆ. ಆದರೂ ಅವಳ ಉತ್ತರ ನನಗೆ ಎರಡಕ್ಕಿಂತಲೂ ಮೇಲೆನ್ನಿಸಿತು.

ಕೊನೆಗೆ ಉಳಿದದ್ದು ವಿನಯ. ಅಲ್ಟಿಮಾ 4ರಲ್ಲಿ ವಿನಯ ಆರಿಸಿಕೊಂಡವರು ಕುರಿ ಕಾಯುವವರಾಗುತ್ತಾರೆ; ಎಂಟು ವೃತ್ತಿಗಳಲ್ಲಿ ತೀರಾ ದುರ್ಬಲವಾದದ್ದು ಇದು. ಅವರ ಪಯಣ ಶುರುವಾಗುವುದು ಅಹಂಕಾರದಿಂದ ನಾಶವಾದ, ಈಗ ಪ್ರೇತಗಳು ಸುತ್ತುವ ಮ್ಯಾಜಿನ್ಸಿಯಾ ಊರಿನ ಬಳಿ, ನಾಲ್ಕು ಕಡೆ ನೀರಿರುವ ದ್ವೀಪದಲ್ಲಿ. ಅನುಭವಿ ಆಟಗಾರರು ಕೂಡ ಇಲ್ಲಿಂದ ಆರಂಭಿಸಲು ಹಿಂಜರಿಯುತ್ತಾರೆ. ನನ್ನ ಬೆರಳು ಆಟವನ್ನು ಮರಳಿ ಆರಂಭಿಸುವ ಕೀಲಿಯ ಮೇಲಿತ್ತು. ಯೋಧಳಾಗಿ ಶುರುಮಾಡಿದರೆ ಸುಲಭ ಎಂದು ಅವಳಿಗೆ ವಿವರಿಸಿದೆ. ತಾನು ಹೇಳಿದ ಉತ್ತರಗಳು ತನ್ನವೇ, ಅವನ್ನು ಬದಲಾಯಿಸುವುದಿಲ್ಲ ಎಂದಳು. ನನ್ನ ಕೆಲಸ ಓದುವುದು ಮಾತ್ರ ಎಂಬ ಒಪ್ಪಂದವಾದದ್ದು ಆ ಸಂಜೆ.

ಇಲ್ಲಿ ಓದುವುದರ ಬಗ್ಗೆ ಸ್ವಲ್ಪ ಹೇಳಬೇಕು. ಈ ಆಟದ ಇಂಗ್ಲಿಷ್ ಹಳೆಯ ಕಾಲದ್ದು, ರಾಜನಿಂದ ಕುದುರೆ ಮಾರುವವನವರೆಗೆ ಎಲ್ಲರೂ ಗ್ರಾಂಥಿಕವಾಗಿ ಮಾತನಾಡುತ್ತಾರೆ. ಅದನ್ನು ನಾನು ಹಗುರಮಾಡದೆ, ‘ನೀನಾರು, ಎತ್ತಣಿಂದ ಬಂದೆ?’ ಎಂಬ ಧಾಟಿಯಲ್ಲೇ ಹೇಳುತ್ತೇನೆ. ಮಕ್ಕಳಿಗೆ ಅರ್ಥವಾಗದೆಂದು ನಾವು ಅಂದುಕೊಳ್ಳುವ ಮಾತನ್ನು ಅವರು ಎರಡು ದಿನಗಳಲ್ಲಿ ತಾವೇ ಆಡತೊಡಗುತ್ತಾರೆ. ಕೀಲಿಮಣೆಯ ಪ್ರತಿ ಅಕ್ಷರಕ್ಕೂ ಇಲ್ಲಿ ಒಂದು ಕೆಲಸವಿದೆ: ಟಿ ಒತ್ತಿದರೆ ಮಾತು, ಇ ಒತ್ತಿದರೆ ಊರಿನೊಳಗೆ ಪ್ರವೇಶ, ಬಿ ಒತ್ತಿದರೆ ಹಡಗು ಹತ್ತುವುದು. ಎದುರಾದವರೊಡನೆ ಮಾತನಾಡಲು ಪದವನ್ನು ನಾವೇ ಟೈಪ್ ಮಾಡಬೇಕು. ಹೆಸರು ಮತ್ತು ಕೆಲಸ ಎಂಬ ಎರಡು ಪದಗಳಿಗೆ ಊರಿನ ಪ್ರತಿಯೊಬ್ಬರೂ ಉತ್ತರ ಕೊಡುತ್ತಾರೆ. ನನ್ನ ಮಗಳು ಯಾರ ನೆರವೂ ಇಲ್ಲದೆ ಕಾಗುಣಿತ ತಪ್ಪದೆ ಬರೆದ ಮೊದಲ ಇಂಗ್ಲಿಷ್ ಪದಗಳು ನೇಮ್ ಮತ್ತು ಜಾಬ್. ಅಪರಿಚಿತರೊಬ್ಬರ ಮುಂದೆ ನಿಂತು ಅವರ ಹೆಸರೇನು, ಅವರು ಏನು ಮಾಡುತ್ತಾರೆ ಎಂದು ಕೇಳುವುದಕ್ಕಾಗಿ ಅಕ್ಷರ ಕಲಿಯುವುದು ನನಗೆ ತುಂಬ ಹಿಡಿಸಿತು.

ದ್ವೀಪದಿಂದ ಹೊರಬರುವ ಬಗೆ ನಮ್ಮ ಪಾಲಿಗೆ ಮೂರು ವಾರಗಳ ಕೆಲಸವಾಯಿತು. ತೆರೆಯ ಮೇಲಂಚಿನಲ್ಲಿ ಈಗ ಕಾಣುತ್ತಿರುವ ಎರಡು ಪುಟ್ಟ ವೃತ್ತಗಳನ್ನು ಗಮನಿಸಿ. ಅವು ಟ್ರಾಮೆಲ್ ಮತ್ತು ಫೆಲುಕ್ಕಾ ಎಂಬ ಚಂದ್ರಗಳು. ಈ ಲೋಕದಲ್ಲಿ ಎಂಟು ಕಡೆ ಚಂದ್ರದ್ವಾರಗಳು ತೆರೆದು ಮುಚ್ಚುತ್ತವೆ. ಯಾವ ದ್ವಾರ ತೆರೆಯುತ್ತದೆ ಎಂಬುದನ್ನು ಟ್ರಾಮೆಲ್‌ನ ಕಲೆ, ಎಂದರೆ ಅದರ ಎಷ್ಟು ಭಾಗ ಬೆಳಗಿದೆ ಎಂಬುದು, ಹೇಳುತ್ತದೆ, ಆ ದ್ವಾರದೊಳಗೆ ಹೊಕ್ಕರೆ ಎಲ್ಲಿಗೆ ತಲುಪುತ್ತೇವೆ ಎಂಬುದನ್ನು ಫೆಲುಕ್ಕಾದ ಕಲೆ ಹೇಳುತ್ತದೆ. ಟ್ರಾಮೆಲ್ ನಿಧಾನವಾಗಿ ಬದಲಾಗುತ್ತದೆ, ಫೆಲುಕ್ಕಾ ಬೇಗ ಬೇಗ. ಈ ನಿಯಮ ನನಗೆ ಬಾಯಿಪಾಠ. ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ಮಗಳು ಗೆರೆಯಿಲ್ಲದ ಪುಸ್ತಕವೊಂದರಲ್ಲಿ ಪ್ರತಿ ಸಲವೂ ಎರಡು ವೃತ್ತ ಬರೆದು, ಕತ್ತಲಿರುವ ಭಾಗಕ್ಕೆ ಪೆನ್ಸಿಲ್ ತೀಡಿ, ಪಕ್ಕದಲ್ಲಿ ತಲುಪಿದ ಜಾಗದ ಗುರುತನ್ನು ಬಿಡಿಸುತ್ತಾ ಹೋದಳು: ಕಾಡಾದರೆ ಮರ, ಕಡಲಂಚಾದರೆ ಅಲೆ, ಊರಾದರೆ ಮನೆ. ಹಲವು ಪುಟ ತುಂಬಿದ ಮೇಲೆ, ಒಂದು ಬೆಳಿಗ್ಗೆ, ಸಣ್ಣ ಚಂದ್ರ ಒಂದೇ ಥರ ಇದ್ದಾಗಲೆಲ್ಲ ಒಂದೇ ಜಾಗಕ್ಕೆ ಬರುತ್ತೇವೆ ಎಂದು ಅವಳೇ ಬಂದು ಹೇಳಿದಳು. ಫೆಲುಕ್ಕಾವನ್ನು ಅವಳು ಸಣ್ಣ ಚಂದ್ರ ಎನ್ನುತ್ತಾಳೆ. ಆ ಪುಟಗಳನ್ನು ನಾನು ಒಂದೊಂದಾಗಿ ತೋರಿಸುತ್ತೇನೆ, ಅವಸರವಿಲ್ಲದೆ ನೋಡಿ.

ಆಡಿಸಲು ಬಯಸುವವರಿಗೆ ಬೇಕಾದ ಕೆಲವು ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಆಟಗಳು ಡಾಸ್‌ಬಾಕ್ಸ್ ಎಂಬ ಉಚಿತ ಎಮ್ಯುಲೇಟರಿನಲ್ಲಿ, ಎಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ಇಂದಿನ ಕಂಪ್ಯೂಟರುಗಳಲ್ಲೂ ಓಡುತ್ತವೆ, ತುಂಬ ಶಕ್ತಿಯ ಯಂತ್ರ ಬೇಕಿಲ್ಲ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ಓದಿ ಹೇಳುವವರ ಗಂಟಲಿಗೂ ಅಷ್ಟೇ ಹಿಡಿಯುತ್ತದೆ. ಲೋರಿ ಮತ್ತು ಕೋರಿ ಕೋಲ್ ದಂಪತಿ ಬರೆದ, 1989ರಲ್ಲಿ ಬಂದ ಕ್ವೆಸ್ಟ್ ಫಾರ್ ಗ್ಲೋರಿಯ ಮೊದಲ ಭಾಗ ಏಳೆಂಟು ವರ್ಷದವರಿಗೆ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿ ಕಲ್ಲೆಸೆದಷ್ಟೂ ಎಸೆಯುವ ಕೈ ಪಳಗುತ್ತದೆ, ಮರ ಹತ್ತಿದಷ್ಟೂ ಹತ್ತುವುದು ಬರುತ್ತದೆ. 1990ರ ಅಲ್ಟಿಮಾ 6ರಲ್ಲಿ ರಾಕ್ಷಸರಂತೆ ಕಾಣುವ ಗಾರ್ಗಾಯಿಲ್ ಜನರಿಗೂ ತಮ್ಮದೇ ನೋವಿನ ಕಥೆಯಿದೆ ಎಂದು ಮೆಲ್ಲಗೆ ತಿಳಿಯುತ್ತದೆ, ಮಾತಾಡುವ ಇಲಿಯೊಂದು ಜೊತೆಗೆ ಬರುತ್ತದೆ; ಅದನ್ನು ನಾನು ಅವಳ ಎಂಟನೆಯ ವರ್ಷಕ್ಕೆ ಕಾದಿರಿಸಿದ್ದೇನೆ. 1992ರ ಅಲ್ಟಿಮಾ 7ರಲ್ಲಿ ಹಿಟ್ಟು ನೀರು ಕಲಸಿ ಒಲೆಯಲ್ಲಿ ಬ್ರೆಡ್ ಸುಡಬಹುದು, ಮಕ್ಕಳಿಗೆ ಅದೊಂದೇ ಸಾಕು, ಆದರೆ ಆ ಆಟ ತೆರೆದುಕೊಳ್ಳುವುದೇ ಭೀಕರ ಕೊಲೆಯೊಂದರ ದೃಶ್ಯದಿಂದ. ಫಾಲ್‌ಔಟ್ ಮತ್ತು ಪ್ಲೇನ್‌ಸ್ಕೇಪ್ ಟಾರ್ಮೆಂಟ್ ಎಷ್ಟೇ ಶ್ರೇಷ್ಠವಾಗಿರಲಿ, ಅವು ದೊಡ್ಡವರ ಆಟಗಳು.

ಅಲ್ಟಿಮಾ 4ರಲ್ಲಿ ಕೊನೆಗೆ ಸೋಲಿಸಬೇಕಾದ ಖಳನೊಬ್ಬನಿಲ್ಲ. ರಾಕ್ಷಸ ಎಲ್ಲಿದ್ದಾನೆ ಎಂದು ಮಗಳು ಮೊದಲ ವಾರವಿಡೀ ಕೇಳುತ್ತಿದ್ದಳು. ಎಂಟು ಗುಣಗಳಲ್ಲೂ ಪೂರ್ಣತೆ ಪಡೆದು ಅವತಾರ ಆಗುವುದೇ ಇಲ್ಲಿಯ ಗುರಿ. ಆಟ ಬಳಸುವ ಪದವೂ ಅದೇ, ಆಧ್ಯಾತ್ಮದ ಗುಡಿಯಲ್ಲಿ ಜಪಿಸಬೇಕಾದ ಮಂತ್ರವೂ ಓಂ. ಆದರೆ ಯಾವ ಗುಣ ಎಷ್ಟಿದೆ ಎಂಬ ಅಂಕವನ್ನು ಆಟ ತೋರಿಸುವುದಿಲ್ಲ. ನಾವು ಮಾಡಿದ್ದನ್ನೆಲ್ಲ ಅದು ಒಳಗೊಳಗೇ ಎಣಿಸುತ್ತಿರುತ್ತದೆ.

ಪ್ರಾಮಾಣಿಕತೆಗೆ ಹೆಸರಾದ ಮೂನ್‌ಗ್ಲೋ ಊರಿನಲ್ಲಿ ಮಂತ್ರಕ್ಕೆ ಬೇಕಾದ ಮೂಲಿಕೆ ಮಾರುವ ಹೆಂಗಸಿಗೆ ಕಣ್ಣು ಕಾಣುವುದಿಲ್ಲ. ಬೆಲೆ ಹೇಳಿ, ಹಣವನ್ನು ನೀನೇ ಎಣಿಸಿ ಇಡು ಎನ್ನುತ್ತಾಳೆ. ಎಷ್ಟಿಡುತ್ತೇವೆ ಎಂಬುದನ್ನು ನಾವು ಟೈಪ್ ಮಾಡಬೇಕು, ಕಡಿಮೆ ಇಟ್ಟರೂ ಆಕೆ ವಸ್ತು ಕೊಡುತ್ತಾಳೆ. ಆ ಹೊತ್ತಿಗೆ ನಮ್ಮ ಚೀಲದಲ್ಲಿ ಹಣ ಬಹಳ ಕಡಿಮೆಯಿತ್ತು, ಭಿಕ್ಷುಕರಿಗೆ ಕೊಟ್ಟೂ ಕೊಟ್ಟೂ ಕರಗಿತ್ತು. ಅಮ್ಮಾ, ಅವರಿಗೆ ಗೊತ್ತಾಗುತ್ತದೆಯೇ ಎಂದು ಮಗಳು ಕೇಳಿದಳು. ತೆರೆಯ ಮೇಲೆ ಇರುವುದಷ್ಟನ್ನೇ ನಾನು ಓದಬಲ್ಲೆ, ಅಲ್ಲಿ ಅದು ಬರೆದಿಲ್ಲ ಎಂದೆ. ಅವಳು 1 ಎಂದು ಒತ್ತಿದಳು. ಸುಮ್ಮನಿರುವುದು ಅಷ್ಟು ಕಷ್ಟವಾದದ್ದು ನನಗೆ ಈ ಇಡೀ ಆಟದಲ್ಲಿ ಅದೊಂದೇ ಸಲ.

ಒಂದು ವಾರದ ಮೇಲೆ ರಾಜನ ಕೋಟೆಗೆ ಹೋದೆವು. ಅಲ್ಲಿ ಹಾಕ್‌ವಿಂಡ್ ಎಂಬ ಕಾಲಜ್ಞಾನಿಯಿದ್ದಾನೆ. ಯಾವ ಗುಣದ ಹೆಸರು ಹೇಳಿದರೂ ಅದರಲ್ಲಿ ನಾವು ಎಲ್ಲಿದ್ದೇವೆ ಎಂಬುದನ್ನು ತಿಳಿಸುತ್ತಾನೆ. ಕರುಣೆಗೆ ಮೆಚ್ಚುಗೆ ಸಿಕ್ಕಿತು. ಪ್ರಾಮಾಣಿಕತೆಯ ಬಗ್ಗೆ ಅವನು ಹೇಳಿದ್ದನ್ನು ನಾನು ಧ್ವನಿ ಏರಿಸದೆ, ಇಳಿಸದೆ, ಇದ್ದಂತೆ ಓದಿದೆ. ಮಗಳು ಏನೂ ಹೇಳದೆ ಎದ್ದುಹೋಗಿ ಚಂದ್ರಗಳ ಪುಸ್ತಕ ತಂದು, ಮೂನ್‌ಗ್ಲೋಗೆ ಒಯ್ಯುವ ಚಂದ್ರನನ್ನು ಹುಡುಕಿದಳು. ದ್ವಾರ ತೆರೆಯುವವರೆಗೆ ಹುಲ್ಲಿನ ಮೇಲೆ ನಿಂತು ಕಾದೆವು. ಈಗ ನೀವು ನೋಡುತ್ತಿರುವುದು ಆ ಅಂಗಡಿಯನ್ನು. ಮೂಲಿಕೆ ನಮಗೆ ಬೇಕಿರಲಿಲ್ಲ, ಚೀಲದಲ್ಲಿ ಸಾಕಷ್ಟಿತ್ತು. ಆಕೆ ಹೇಳಿದ ಬೆಲೆಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, ಒಂದೊಂದೇ ಅಂಕಿಯನ್ನು ತಾನೇ ಹುಡುಕಿ ಒತ್ತುತ್ತಿದ್ದಾಳೆ.