ನೆಲಕ್ಕಿಳಿದ ಗದ್ದಲ

ಎಲ್ಲರಿಗೂ ನಮಸ್ಕಾರ.

ಇಬ್ಬರೇ ಇಬ್ಬರಿರುವ ಒಂದು ತಂಡದ ಬಗ್ಗೆ ಮಾತಾಡಲು ಬಂದಿದ್ದೇನೆ. ಒಬ್ಬರದು ಡ್ರಮ್ಸ್, ಇನ್ನೊಬ್ಬರದು ಬೇಸ್ ಗಿಟಾರ್. ಹೆಸರೂ ಒಂದೇ: ಬ್ರಿಯಾನ್ ಚಿಪ್ಪೆಂಡೇಲ್, ಬ್ರಿಯಾನ್ ಗಿಬ್ಸನ್. ತಂಡ ಲೈಟ್ನಿಂಗ್ ಬೋಲ್ಟ್. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ, ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಎಂಬ ಕಲಾಶಾಲೆಯ ಆಸುಪಾಸಿನಲ್ಲಿ, 1994ರಲ್ಲಿ ಹುಟ್ಟಿತು. ಶುರುವಿನಲ್ಲಿ ಹಾಡಲು ಹಿಶಾಮ್ ಭರೂಚಾ ಎಂಬ ಮೂರನೆಯವರೂ ಇದ್ದರು. ಅವರು ಹೋದ ಮೇಲೆ ಇಬ್ಬರೇ ಉಳಿದರು, ಇಂದಿಗೂ ಇಬ್ಬರೇ.

ನಾನು ಮೊದಲು ಕೇಳಿದ್ದು 2003ರ ‘ವಂಡರ್‌ಫುಲ್ ರೇನ್‌ಬೋ’ ಆಲ್ಬಮ್. ರಾತ್ರಿ ಹೊತ್ತು, ಹೆಡ್‌ಫೋನ್ ಹಾಕಿಕೊಂಡು. ಎರಡು ನಿಮಿಷಕ್ಕೇ ತೆಗೆದಿಟ್ಟೆ. ಕಿವಿಗೆ ಕಲ್ಲು ಸುರಿದ ಹಾಗಿತ್ತು. ಆದರೂ ಬಿಡಲಾಗಲಿಲ್ಲ, ಮರುದಿನ ಮತ್ತೆ ಹಾಕಿದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ, ಆ ಕಲ್ಲುಗಳ ನಡುವಿನಿಂದ ಒಂದು ಎಳೆ ಹೊರಬಂತು. ಸಣ್ಣ, ಸರಳವಾದ, ಯಾರಾದರೂ ಗುನುಗಬಹುದಾದ ಧಾಟಿ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ನನ್ನ ಕಿವಿ ಅಲ್ಲಿಗೆ ತಲುಪಿರಲಿಲ್ಲ, ಅಷ್ಟೇ.

ಇಂಥ ಸಂಗೀತವನ್ನು ಇಂಗ್ಲಿಷಿನಲ್ಲಿ ನಾಯ್ಸ್ ರಾಕ್ ಅನ್ನುತ್ತಾರೆ. ನಾಯ್ಸ್‌ಗೆ ಕನ್ನಡದಲ್ಲಿ ಏನು ಹೇಳೋಣ? ಸದ್ದು ಅನ್ನಬಹುದು, ಶಬ್ದ ಅನ್ನಬಹುದು. ನನಗೆ ಸರಿ ಅನ್ನಿಸುವುದು ಗದ್ದಲ. ಸದ್ದು ಮಾಡಲು ಒಬ್ಬರು ಸಾಕು, ಒಂದು ಲೋಟ ಬಿದ್ದರೂ ಸಾಕು. ಗದ್ದಲಕ್ಕೆ ಜನ ಬೇಕು. ಆ ಮಾತಿನೊಳಗೇ ಒಂದು ಗುಂಪು ಸೇರಿಕೊಂಡಿದೆ. ಲೈಟ್ನಿಂಗ್ ಬೋಲ್ಟ್‌ನ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲೇ: ಇಬ್ಬರು ಸೇರಿ ಒಂದು ಗುಂಪಿನ ಗದ್ದಲ ಎಬ್ಬಿಸುತ್ತಾರೆ, ಆಮೇಲೆ ಅದನ್ನು ನಿಜವಾದ ಗುಂಪಿನ ನಡುವೆ ತಂದು ಇಡುತ್ತಾರೆ.

ಗಿಬ್ಸನ್ ಅವರ ಬೇಸನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯ ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ಅಂದರೆ ಪಕ್ಕಪಕ್ಕದ ತಂತಿಗಳ ನಡುವೆ ಷಡ್ಜ–ಮಧ್ಯಮದ ಅಂತರ. ಗಿಬ್ಸನ್ ಚೆಲ್ಲೋ ವಾದ್ಯದ ಶ್ರುತಿ ಹಿಡಿದರು: ಸಿ, ಜಿ, ಡಿ, ಎ. ಇಲ್ಲಿರುವುದು ಷಡ್ಜ–ಪಂಚಮದ ಅಂತರ. ಕೆಳಗಿನ ತಂತಿ ಇನ್ನೂ ಕೆಳಕ್ಕಿಳಿದು ಸುಮಾರು 33 ಹರ್ಟ್ಸ್‌ನಲ್ಲಿ ಗುಡುಗುತ್ತದೆ. ಮೇಲಿನ ತಂತಿಯ ಜಾಗಕ್ಕೆ ಅವರು ಬ್ಯಾಂಜೋ ಎಂಬ ತಂತಿವಾದ್ಯದ ತೆಳು ತಂತಿ ಕಟ್ಟಿದರು. ಹೀಗೆ ಒಂದೇ ವಾದ್ಯಕ್ಕೆ ಗುಡುಗುವ ಗಂಟಲೂ ಬಂತು, ಕಿರುಚುವ ಗಂಟಲೂ ಬಂತು.

ಈ ಶ್ರುತಿಯಲ್ಲಿ ಒಂದೇ ಬೆರಳನ್ನು ಪಕ್ಕದ ಎರಡು ತಂತಿಗಳ ಮೇಲೆ ಅಡ್ಡ ಇಟ್ಟರೆ ಸಾಕು, ಷಡ್ಜ ಪಂಚಮಗಳು ಒಟ್ಟಿಗೇ ನುಡಿಯುತ್ತವೆ. ಅವುಗಳ ಕಂಪನದ ಪ್ರಮಾಣ 2ಕ್ಕೆ 3. ಇದನ್ನು ಡಿಸ್ಟಾರ್ಷನ್‌ಗೆ, ಅಂದರೆ ಸ್ವರವನ್ನು ಬೇಕೆಂದೇ ಒಡೆಯುವ ಏರ್ಪಾಡಿಗೆ, ಹಾಯಿಸಿದಾಗ ಒಂದು ಸೊಗಸಾದ ಸಂಗತಿ ನಡೆಯುತ್ತದೆ. ತನ್ನ ಶಕ್ತಿ ಮೀರಿ ದುಡಿಸಿದ ಆಂಪ್ಲಿಫೈಯರ್ ಸ್ವರದ ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಆ ಕತ್ತರಿಕೆಯಿಂದ ಮೂಲದಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. 2ಕ್ಕೂ 3ಕ್ಕೂ ಇರುವ ವ್ಯತ್ಯಾಸ 1, ಅಂದರೆ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ಮೀಟದ ಆ ಸ್ವರವೂ ಸ್ಪೀಕರಿನಿಂದ ಬರುತ್ತದೆ. ಒಂದು ಬೆರಳು, ಎರಡು ತಂತಿ, ಹತ್ತಾರು ಸ್ವರ. ಗುಂಪು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಚಿಪ್ಪೆಂಡೇಲ್ ಡ್ರಮ್ಸ್ ಬಾರಿಸುತ್ತಲೇ ಹಾಡುತ್ತಾರೆ. ಅವರ ಎರಡೂ ಕೈಗೆ ಒಂದು ಕ್ಷಣವೂ ಬಿಡುವಿರುವುದಿಲ್ಲ. ಅದಕ್ಕೆ ಬಟ್ಟೆಯ ಮುಖವಾಡವೊಂದನ್ನು ಮಾಡಿಕೊಂಡು, ಟೆಲಿಫೋನ್ ರಿಸೀವರಿನ ಮೈಕನ್ನು ಅದರಲ್ಲೇ ಕೂರಿಸಿದರು. ಟೆಲಿಫೋನ್ ಮೈಕಿಗೆ ಕೊಟ್ಟಿರುವ ಕೆಲಸ ಮಾತಿನ ನಡುಭಾಗವನ್ನಷ್ಟೇ ದಾಟಿಸುವುದು. ಇಲ್ಲಿ ಕೂಗು ಅದೇ ಮೈಕಿಗೆ ಸಿಕ್ಕಿ, ದನಿಯನ್ನು ತಿರುಚುವ ಎಫೆಕ್ಟುಗಳ ಮೂಲಕ ಹಾದು ಹೊರಬೀಳುತ್ತದೆ. ಪದಗಳು ಕರಗಿಹೋಗಿ ದನಿ ಮಾತ್ರ ಉಳಿಯುತ್ತದೆ. ಸಾಹಿತ್ಯ ಏನು ಅಂತ ಹುಡುಕಬೇಡಿ. ಆ ದನಿಯನ್ನು ಮೂರನೆಯ ವಾದ್ಯ ಅಂತಲೇ ಕೇಳಿ.

ಇನ್ನು ಇವರು ಬೆಳೆದ ಜಾಗ. ಪ್ರಾವಿಡೆನ್ಸ್‌ನ ಓಲ್ನಿವಿಲ್ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಪ್ರದೇಶ. ಗಿರಣಿಗಳು ನಿಂತ ಮೇಲೆ ದೊಡ್ಡ ಕಟ್ಟಡಗಳು ಖಾಲಿ ಬಿದ್ದವು. 1995ರಲ್ಲಿ ಚಿಪ್ಪೆಂಡೇಲ್ ಮತ್ತು ಕಲಾವಿದ ಮ್ಯಾಟ್ ಬ್ರಿಂಕ್‌ಮನ್ ಅಂಥದೊಂದು ಕಟ್ಟಡದಲ್ಲಿ ಬಿಡಾರ ಹೂಡಿ ಫೋರ್ಟ್ ಥಂಡರ್ ಅಂತ ಹೆಸರಿಟ್ಟರು. ಮಲಗುವುದೂ ಅಲ್ಲೇ, ಕಾಮಿಕ್ಸ್ ಬರೆಯುವುದೂ ಅಲ್ಲೇ, ಪೋಸ್ಟರ್ ಅಚ್ಚು ಹಾಕುವುದೂ ನುಡಿಸುವುದೂ ಅಲ್ಲೇ. 2001ರಲ್ಲಿ ಎಲ್ಲರೂ ಜಾಗ ಬಿಡಬೇಕಾಯಿತು. ಅಂಗಡಿ ಸಂಕೀರ್ಣಕ್ಕಾಗಿ ಕಟ್ಟಡವನ್ನೇ ಕೆಡವಿದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಂಥ ಜಾಗವನ್ನು ಯೋಜನೆ ಹಾಕಿ ಕಟ್ಟಿಸಲು ಬರುವುದಿಲ್ಲ.

ವೇದಿಕೆ ಬಿಟ್ಟು ನೆಲದ ಮೇಲೆ ನುಡಿಸುವುದು ಈ ತಂಡದ ಗುರುತೇ ಆಯಿತು. ಡ್ರಮ್ಸನ್ನು ಜನ ನಿಲ್ಲುವ ಜಾಗದಲ್ಲೇ ಇಡುತ್ತಾರೆ, ಬೆನ್ನಿಗೆ ಸ್ಪೀಕರುಗಳ ಗೋಡೆ. ಹಿಂದಿನ ತಂಡ ವೇದಿಕೆಯ ಮೇಲೆ ಮುಗಿಸುತ್ತಿದ್ದಂತೆ ಇವರು ಕೆಳಗೆ ಶುರು ಮಾಡಿಬಿಡುತ್ತಿದ್ದರು. ಜನ ಸುತ್ತುಗಟ್ಟುತ್ತಾರೆ. ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ. ಮುಂದೆ ನಿಂತವರಿಗೆ ಡ್ರಮ್ಮರ್‌ನ ಬೆವರು ಸಿಡಿಯುತ್ತದೆ, ತಳ್ಳಾಟದಲ್ಲಿ ವಾದ್ಯದ ಮೇಲೆ ಬೀಳದಂತೆ ಅವರೇ ಬೆನ್ನು ಕೊಟ್ಟು ಗುಂಪನ್ನು ತಡೆಯುತ್ತಾರೆ. ಕೇಳಲು ಬಂದವರಿಗೆ ಕಾಯುವ ಕೆಲಸ! ವೇದಿಕೆ ಇದ್ದಿದ್ದರೆ ಈ ಹೊಣೆ ಅವರಿಗೆ ಬರುತ್ತಲೇ ಇರಲಿಲ್ಲ.

ಇದನ್ನೆಲ್ಲ ದಾಖಲೆ ಮಾಡಿ ಹೊರತಂದದ್ದು ಲೋಡ್ ರೆಕಾರ್ಡ್ಸ್. ಬೆನ್ ಮೆಕಾಸ್ಕರ್ 1993ರಲ್ಲಿ ಪ್ರಾವಿಡೆನ್ಸ್‌ನಲ್ಲೇ ಶುರು ಮಾಡಿದ ಪುಟ್ಟ ಸ್ವತಂತ್ರ ಲೇಬಲ್. 1999ರ ಮೊದಲ ಆಲ್ಬಮ್, 2001ರ ‘ರೈಡ್ ದ ಸ್ಕೈಸ್’, ‘ವಂಡರ್‌ಫುಲ್ ರೇನ್‌ಬೋ’, 2005ರ ‘ಹೈಪರ್‌ಮ್ಯಾಜಿಕ್ ಮೌಂಟನ್’, 2009ರ ‘ಅರ್ಥ್ಲಿ ಡಿಲೈಟ್ಸ್’ ಎಲ್ಲವೂ ಅಲ್ಲಿಂದಲೇ ಬಂದವು. ಸ್ಪೀಕರು ಹರಿದ ಹಾಗೆ ಕೇಳುವ ಆಲ್ಬಮ್‌ಗಳಿಗೆ, ಹಾಡಿನ ಒಂದು ಪದವೂ ತಿಳಿಯದ ತಂಡಕ್ಕೆ, ಹತ್ತು ವರ್ಷ ಬೆನ್ನಿಗೆ ನಿಲ್ಲುವುದು ಸಣ್ಣ ಮಾತಲ್ಲ. ಊರಿನ ಗದ್ದಲವನ್ನು ಊರಿನವರೇ ಹೊತ್ತು ಲೋಕಕ್ಕೆ ಮುಟ್ಟಿಸಿದರು. 2015ರಲ್ಲಿ ತಂಡ ಥ್ರಿಲ್ ಜಾಕಿ ಎಂಬ ಇನ್ನೊಂದು ಸ್ವತಂತ್ರ ಲೇಬಲ್ಲಿಗೆ ಬಂತು. ಆ ವರ್ಷದ ‘ಫ್ಯಾಂಟಸಿ ಎಂಪೈರ್’ ಒಳ್ಳೆಯ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾದದ್ದು, ಎಲ್ಲ ಸ್ವರವೂ ನಿಚ್ಚಳ. ಆದರೂ ನನ್ನ ಮನಸ್ಸು ಹಳೆಯ ಒರಟು ಆಲ್ಬಮ್‌ಗಳ ಕಡೆಗೇ ವಾಲುತ್ತದೆ. ಅವುಗಳಲ್ಲಿ ಕೋಣೆಯ ಗೋಡೆಯೂ ಕೇಳಿಸುತ್ತದೆ.

ಒಂದು ಮಾತು, ದಯವಿಟ್ಟು ಗಮನವಿಟ್ಟು ಕೇಳಿ. ಇಂಥ ಕಛೇರಿಗೆ ಯಾವತ್ತಾದರೂ ಹೋದರೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಅನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಇಟ್ಟ ಮಿತಿ. ಸದ್ದು ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬಂದರೆ ಉಳಿಯುವುದು ಕಾಲು ಗಂಟೆ. ಹೋದ ಕಿವಿ ಮತ್ತೆ ಬರುವುದಿಲ್ಲ.

ಈಗ ‘ವಂಡರ್‌ಫುಲ್ ರೇನ್‌ಬೋ’ದಿಂದ ಒಂದು ಹಾಡು ಹಾಕುತ್ತೇನೆ. ಸದ್ದು ಹದವಾಗಿಯೇ ಇಟ್ಟಿದ್ದೇನೆ. ಮೊದಲ ಸಲ ಬರೀ ಡ್ರಮ್ಸ್ ಹಿಂದೆ ಹೋಗಿ. ಮತ್ತೊಮ್ಮೆ ಹಾಕಿದಾಗ ಬ್ಯಾಂಜೋ ತಂತಿಯನ್ನು ಹುಡುಕಿ.