ಕುತ್ತಿಗೆಯೊಳಗಿನ ನರಗಳ ದಾರಿ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕಾಸರಗೋಡಿನ ತೋಟಗಳಲ್ಲಿ ಈಗ ಅಡಿಕೆ ಮರ ಹತ್ತುವವರು ಕಡಿಮೆಯಾಗುತ್ತಿದ್ದಾರೆ. ನೆಲದ ಮೇಲೆ ನಿಂತು ಉದ್ದದ ಕಾರ್ಬನ್ ಫೈಬರ್ ದೋಟಿಯಲ್ಲಿ ಗೊನೆ ತೆಗೆಯುತ್ತಾರೆ, ಮಳೆಗಾಲದಲ್ಲಿ ಅದರಲ್ಲೇ ಮದ್ದೂ ಬಿಡುತ್ತಾರೆ. ಮರದಿಂದ ಬೀಳುವ ಭಯ ತಪ್ಪಿತು, ಬಹಳ ಒಳ್ಳೆಯದಾಯಿತು. ಆದರೆ ಬೆಳಗ್ಗಿನಿಂದ ಸಂಜೆವರೆಗೆ ತಲೆ ಹಿಂದಕ್ಕೆ ಮಾಡಿ ಮೇಲೆ ನೋಡುತ್ತಲೇ ನಿಂತವರು ರಾತ್ರಿ ಮಲಗುವಾಗ ಹೇಳುವುದು ಏನು? ಕೈ ಜೋಮು ಹಿಡಿಯುತ್ತದೆ, ಹೆಬ್ಬೆರಳು ಚುರುಚುರು ಅನ್ನುತ್ತದೆ, ಹೆಗಲಿನಿಂದ ಕೆಳಗೆ ಕರೆಂಟು ಹೊಡೆದ ಹಾಗೆ ಆಗುತ್ತದೆ. ಮನೆಯವರು ಕೈಗೆ ಎಣ್ಣೆ ತಿಕ್ಕುತ್ತಾರೆ. ತೊಂದರೆ ಇರುವುದು ಕೈಯಲ್ಲಲ್ಲ, ಕುತ್ತಿಗೆಯಲ್ಲಿ.

ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡಿದವನು ನಾನು. ಇವತ್ತು ನಿಮಗೆ ಮುಖ್ಯವಾಗಿ ಒಂದು ವಿಷಯ ಹೇಳಬೇಕು ಅಂತ ಬಂದಿದ್ದೇನೆ. ಕುತ್ತಿಗೆಯೊಳಗೆ ಕೆಟ್ಟದ್ದು ಎಷ್ಟೋ ಸಲ ಕುತ್ತಿಗೆಯಲ್ಲಿ ಕಾಣಿಸುವುದಿಲ್ಲ. ಅದು ಕೈಯಲ್ಲಿ, ಸ್ವರದಲ್ಲಿ, ಉಸಿರಿನಲ್ಲಿ ಕಾಣಿಸುತ್ತದೆ. ನರ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಗೊತ್ತಿದ್ದರೆ ಮಾತ್ರ ಇದು ಅರ್ಥವಾಗುತ್ತದೆ.

ಮೊದಲು ಕೈಯದ್ದೇ ಹೇಳುತ್ತೇನೆ. ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ಅವುಗಳ ನಡುವೆ ಬೆನ್ನುಹುರಿಯಿಂದ ಎಡಕ್ಕೂ ಬಲಕ್ಕೂ ನರಗಳು ಹೊರಡುತ್ತವೆ, ಒಟ್ಟು ಎಂಟು ಜೊತೆ. ಮೂಳೆ ಏಳು, ನರ ಎಂಟು ಹೇಗೆ ಅಂತ ವಿದ್ಯಾರ್ಥಿಗಳು ಯಾವಾಗಲೂ ಕೇಳುತ್ತಾರೆ. ಮೊದಲನೆಯ ನರ ಮೊದಲನೆಯ ಮೂಳೆಯ ಮೇಲಿನಿಂದಲೇ ಹೊರಡುತ್ತದೆ, ಎಂಟನೆಯದು ಏಳನೆಯ ಮೂಳೆಯ ಕೆಳಗಿನಿಂದ, ಅಷ್ಟೇ. ಒಂದೊಂದು ನರವೂ ಒಂದೊಂದು ಸಣ್ಣ ತೂತಿನಿಂದ ಹೊರಗೆ ಬರುತ್ತದೆ. ತಲೆ ಹಿಂದಕ್ಕೆ ಬಾಗಿಸಿದಾಗ ಆ ತೂತು ಕಿರಿದಾಗುತ್ತದೆ. ವಯಸ್ಸಾಗಿ ಮೂಳೆಯ ಅಂಚು ಬೆಳೆದಿದ್ದರೆ, ಅಥವಾ ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ಉಬ್ಬಿದ್ದರೆ, ಮೊದಲೇ ಜಾಗ ಇಕ್ಕಟ್ಟು. ಅಂಥವರು ದೋಟಿ ಹಿಡಿದು ಮೇಲೆ ನೋಡಿದರೆ ನರ ಅಲ್ಲಿ ಒತ್ತಿಹೋಗುತ್ತದೆ. ಜೋಮು ಹೆಬ್ಬೆರಳಿನ ಕಡೆ ಇದ್ದರೆ ಹೆಚ್ಚಾಗಿ ಆರನೆಯ ನರ, ನಡುಬೆರಳಲ್ಲಿದ್ದರೆ ಏಳನೆಯದು, ಕಿರುಬೆರಳಲ್ಲಿದ್ದರೆ ಎಂಟನೆಯದು. ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ಸುಮ್ನೆ ಕೈ ನೋವು ಅನ್ನಬೇಡಿ, ಯಾವ ಬೆರಳು ಅಂತ ಹೇಳಿ.

ಹೆಚ್ಚಿನವರಿಗೆ ಇದು ವಿಶ್ರಾಂತಿ, ವ್ಯಾಯಾಮ, ಸ್ವಲ್ಪ ಮದ್ದು ಇಷ್ಟರಲ್ಲೇ ಕಡಿಮೆಯಾಗುತ್ತದೆ. ವಯಸ್ಸಾದ ಮೇಲೆ ಎಕ್ಸ್‌ರೇ ತೆಗೆದರೆ ಮೂಳೆ ಸವೆದದ್ದು ಬಹಳ ಜನರಲ್ಲಿ ಕಾಣುತ್ತದೆ, ನೋವೇ ಇಲ್ಲದವರಲ್ಲೂ ಕಾಣುತ್ತದೆ. ಫಿಲ್ಮ್ ನೋಡಿ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬೇರೆ ಉಂಟು. ಅಡಿಕೆ ಸುಲಿಯುವಾಗ ಎರಡೂ ಕೈಗೆ ಹಿಡಿತ ಸಿಗುವುದಿಲ್ಲ, ಅಂಗಿಯ ಗುಬ್ಬಿ ಹಾಕಲು ಕಷ್ಟ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯುವುದಿಲ್ಲ, ನಡೆಯುವಾಗ ಓಲಾಡುತ್ತದೆ. ನೋವು ಇಲ್ಲದೆಯೂ ಹೀಗೆ ಆಗಬಹುದು. ಇಲ್ಲಿ ಒತ್ತಿರುವುದು ಬದಿಯ ನರ ಅಲ್ಲ, ಬೆನ್ನುಹುರಿಯೇ ಇರಬಹುದು. ಇದಕ್ಕೆ ತಿಕ್ಕುವುದು, ಎಳೆಯುವುದು ಮಾಡುತ್ತಾ ತಿಂಗಳು ಕಳೆಯಬಾರದು.

ಕೆಳಗಿನ ನಾಲ್ಕು ನರಗಳು, ಜೊತೆಗೆ ಎದೆಯ ಮೊದಲನೆಯ ನರ, ಇವು ಸೇರಿ ಹೆಣೆದುಕೊಂಡು ಕೈಗೆ ಹೋಗುತ್ತವೆ. ಬ್ರೇಕಿಯಲ್ ಪ್ಲೆಕ್ಸಸ್ ಅನ್ನುತ್ತಾರೆ. ಕುತ್ತಿಗೆಯ ಬದಿಯಲ್ಲಿ ಸ್ಕೇಲೀನ್ ಎಂಬ ಎರಡು ಸ್ನಾಯುಗಳ ಸಂದಿಯಿಂದ ಇವು ಹೊರಬರುತ್ತವೆ. ಬೈಕಿನಿಂದ ಬಿದ್ದಾಗ ತಲೆ ಒಂದು ಕಡೆ, ಹೆಗಲು ಇನ್ನೊಂದು ಕಡೆ ಎಳೆದರೆ ಈ ನರಗಳು ಹರಿಯುತ್ತವೆ. ಮೂಳೆ ಮುರಿಯದೆಯೂ ಹೀಗಾಗಬಹುದು, ಕೈ ಮಾತ್ರ ಜೋತುಬೀಳುತ್ತದೆ. ತಾನಾಗಿ ಸರಿಹೋಗಬಹುದು ಅಂತ ವರ್ಷಗಟ್ಟಲೆ ಕಾದವರನ್ನು ನೋಡಿ ಬಹಳ ಬೇಸರವಾಗಿದೆ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಅದು ತಲುಪುವಷ್ಟರಲ್ಲಿ ಸ್ನಾಯು ಒಣಗಿಹೋಗಬಾರದು, ಅಲ್ವಾ? ನರ ಜೋಡಿಸುವ ಆಪರೇಷನ್ ಬೇಕಿದ್ದರೆ ಮೊದಲ ಆರು ತಿಂಗಳೊಳಗೆ ಆಗುವುದು ಒಳ್ಳೆಯದು.

ಇನ್ನು ಉಸಿರು. ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಸ್ನಾಯುವಿನ ಪದರ ಇದೆ. ನಾವು ಉಸಿರೆಳೆಯುವುದು ಹೆಚ್ಚಾಗಿ ಅದರಿಂದಲೇ. ಅದಕ್ಕೆ ನರ ಎಲ್ಲಿಂದ ಬರಬೇಕು? ಎದೆಯ ಕೆಳಗಿನಿಂದ ಅಂತ ಯಾರಿಗಾದರೂ ಅನ್ನಿಸುತ್ತದೆ. ಬರುವುದು ಕುತ್ತಿಗೆಯಿಂದ! ಮೂರು, ನಾಲ್ಕು, ಐದನೆಯ ನರಗಳಿಂದ ಫ್ರೆನಿಕ್ ನರ ಹುಟ್ಟಿ, ಮುಂದಿನ ಸ್ಕೇಲೀನ್ ಸ್ನಾಯುವಿನ ಮೇಲೆ ಇಳಿದು, ಹೃದಯದ ಪಕ್ಕದಿಂದಲೇ ಹಾದು ವಪೆಗೆ ಸೇರುತ್ತದೆ. ಯಾಕೆ ಇಷ್ಟು ದೂರದಿಂದ? ಮಗು ಹೊಟ್ಟೆಯಲ್ಲಿ ಬೆಳೆಯುವ ಮೊದಲ ವಾರಗಳಲ್ಲಿ ವಪೆ ಇರುವುದೇ ಕುತ್ತಿಗೆಯ ಹತ್ತಿರ. ಆಮೇಲೆ ಅದು ಕೆಳಗೆ ಇಳಿಯುತ್ತದೆ, ನರವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಇದು ತಿಳಿದರೆ ಏನು ಉಪಯೋಗ? ತುಂಬ ಉಂಟು. ಮರ ಹತ್ತುವವರು ಈಗಲೂ ಇದ್ದಾರೆ, ತೆಂಗು ಹತ್ತುವವರು ಇದ್ದೇ ಇದ್ದಾರೆ. ಯಾರಾದರೂ ಬಿದ್ದರೆ ನಾವು ಮಾಡುವುದು ಏನು? ನಾಲ್ಕು ಜನ ಓಡಿ ಬಂದು, ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಮಡಚಿ ರಿಕ್ಷಾದಲ್ಲಿ ಹಾಕುತ್ತೇವೆ. ಮಾರಾಯ್ರೇ, ದಯಮಾಡಿ ಹಾಗೆ ಮಾಡಬೇಡಿ. ಕುತ್ತಿಗೆಯ ಮೂಳೆ ಮುರಿದಿದ್ದು ಬೆನ್ನುಹುರಿ ಇನ್ನೂ ಸರಿಯಾಗಿರಬಹುದು. ನಾವು ಎಬ್ಬಿಸುವಾಗ ಮೂಳೆ ಜಾರಿದರೆ ಕೈಕಾಲು ಹೋಗುತ್ತದೆ. ಮೂರನೆಯ ನರಕ್ಕಿಂತ ಮೇಲೆ ಬೆನ್ನುಹುರಿ ತುಂಡಾದರೆ ಉಸಿರೇ ನಿಲ್ಲುತ್ತದೆ. ಬಿದ್ದವರನ್ನು ಬಿದ್ದಲ್ಲೇ ಬಿಡಿ, ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಅಲುಗದ ಹಾಗೆ ಹಿಡಿಯಿರಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಸಂಗತಿ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಬಿದ್ದವರು ಎದ್ದು ಕೂತು ಮಾತಾಡುತ್ತಿರುತ್ತಾರೆ, ಆದರೆ ಎಡ ಹೆಗಲಿನ ತುದಿ ನೋಯುತ್ತದೆ ಅನ್ನುತ್ತಾರೆ. ಹೆಗಲಿಗೆ ಪೆಟ್ಟಾಗಿಲ್ಲ, ಕೈ ಚೆನ್ನಾಗಿ ಆಡುತ್ತದೆ. ಎಡಗಡೆ ಪಕ್ಕೆಲುಬಿನ ಕೆಳಗೆ ಪೆಟ್ಟು ಬಿದ್ದು ಅಲ್ಲಿರುವ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ, ಆ ರಕ್ತ ವಪೆಯನ್ನು ಕೆರಳಿಸುತ್ತದೆ. ಫ್ರೆನಿಕ್ ನರ ಆ ಸುದ್ದಿಯನ್ನು ಕುತ್ತಿಗೆಗೆ ಒಯ್ಯುತ್ತದೆ. ಹೆಗಲಿನ ಚರ್ಮದ ಸುದ್ದಿಯೂ ಬರುವುದು ಅದೇ ಜಾಗಕ್ಕೆ. ಮೆದುಳಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹೆಗಲೇ ನೋಯುತ್ತಿದೆ ಅನ್ನಿಸುತ್ತದೆ. ಇಂಥವರನ್ನು ಮನೆಗೆ ಕರೆದುಕೊಂಡು ಹೋಗಿ ಹೆಗಲಿಗೆ ಮುಲಾಮು ಹಚ್ಚಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಈಗ ಸ್ವರದ ನರ. ಅನಾಟಮಿಯಲ್ಲಿ ನನಗೆ ತುಂಬ ಇಷ್ಟದ ನರ ಇದು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು, ಭಾಗವತರ ಸ್ವರ ಕೇಳಿ ಬೆಳೆದವರು, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ತಲೆಯಿಂದ ಹತ್ತನೆಯದಾಗಿ ಹೊರಡುವ ವೇಗಸ್ ನರ ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳದ ಜೊತೆಗೇ ಇಳಿಯುತ್ತದೆ. ಧ್ವನಿಪೆಟ್ಟಿಗೆ ಅಲ್ಲೇ ಪಕ್ಕದಲ್ಲಿದೆ. ಆದರೆ ಸ್ವರತಂತುಗಳನ್ನು ಆಡಿಸುವ ಕವಲು ಅಲ್ಲಿ ಹೊರಡುವುದಿಲ್ಲ. ಎಡಗಡೆಯದ್ದು ಎದೆಯವರೆಗೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನ ಅಡಿಯಿಂದ ಸುತ್ತಿ, ಶ್ವಾಸನಾಳ ಅನ್ನನಾಳಗಳ ಸಂದಿನಲ್ಲಿ ಮತ್ತೆ ಮೇಲೆ ಹತ್ತಿ ಬರುತ್ತದೆ. ಬಲಗಡೆಯದ್ದು ಕೈಗೆ ಹೋಗುವ ದೊಡ್ಡ ರಕ್ತನಾಳವನ್ನು ಸುತ್ತಿ ಬರುತ್ತದೆ, ಅದಕ್ಕೆ ದಾರಿ ಕಡಿಮೆ. ಕಾರಣ ವಪೆಗೆ ಹೇಳಿದ್ದೇ. ಭ್ರೂಣದಲ್ಲಿ ಹೃದಯ ಮೇಲೆ ಇತ್ತು, ಇಳಿಯುವಾಗ ಅದರ ರಕ್ತನಾಳಗಳು ಈ ನರವನ್ನು ಕೊಕ್ಕೆ ಹಾಕಿ ಎಳೆದವು.

ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗೇಲನ್ ಎಂಬ ವೈದ್ಯ ಇದನ್ನು ಎಲ್ಲರೆದುರು ತೋರಿಸಿದ್ದ. ಕಿರುಚುತ್ತಿದ್ದ ಹಂದಿಯ ಕುತ್ತಿಗೆಯಲ್ಲಿ ಈ ಸಪೂರ ನರವನ್ನು ಹಿಡಿದು ಕಟ್ಟಿದ. ಕಿರುಚಾಟ ನಿಂತಿತು. ಮಾತು ಹೃದಯದಿಂದ ಹುಟ್ಟುತ್ತದೆ ಅಂತ ದೊಡ್ಡ ದೊಡ್ಡವರು ನಂಬಿದ್ದ ಕಾಲ ಅದು. ಸ್ವರವನ್ನು ಆಳುವುದು ಮೆದುಳು, ನರದ ಮೂಲಕ, ಅಂತ ಆವತ್ತು ಕಣ್ಣಿಗೆ ಕಂಡಿತು. ಪ್ರಾಣಿಗೆ ಕೊಟ್ಟ ಆ ಹಿಂಸೆ ನೆನೆದರೆ ಸಂಕಟವೇ ಆಗುತ್ತದೆ, ಆದರೂ ನಮ್ಮ ತಿಳಿವಳಿಕೆ ಬಂದದ್ದು ಅಲ್ಲಿಂದ.

ಈ ನರ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಅಂಟಿದ ಹಾಗೆ ಹೋಗುತ್ತದೆ. ಹಾಗಾಗಿ ಥೈರಾಯ್ಡ್ ಆಪರೇಷನ್ ಮಾಡುವ ಸರ್ಜನ್ ಮೊದಲು ಅದನ್ನು ಹುಡುಕಿ, ಕಣ್ಣಲ್ಲಿ ನೋಡಿ, ಉಳಿಸಿಕೊಂಡು ಮುಂದೆ ಹೋಗುತ್ತಾರೆ. ಪೆಟ್ಟಾದರೆ ಸ್ವರ ಗಾಳಿ ಬೆರೆತ ಹಾಗೆ ಬರುತ್ತದೆ, ನೀರು ಕುಡಿಯುವಾಗ ನೆತ್ತಿಗೆ ಹತ್ತುತ್ತದೆ. ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಸರಿಯಾಗುತ್ತದೆ. ಇದಲ್ಲದೆ ಮೇಲಿನಿಂದ ಇನ್ನೊಂದು ಸಣ್ಣ ಕವಲು ಬರುತ್ತದೆ, ಅದು ಸ್ವರತಂತುವನ್ನು ಬಿಗಿ ಮಾಡುವ ಸ್ನಾಯುವಿಗೆ. ಅದು ಕೆಟ್ಟರೆ ಸಾದಾ ಮಾತಿಗೆ ಅಷ್ಟೇನೂ ತೊಂದರೆ ಇಲ್ಲ, ಏರು ಶ್ರುತಿಗೆ ಸ್ವರ ಏರುವುದಿಲ್ಲ. ನೀವು ಹಾಡುವವರಾದರೆ, ಪಾಠ ಹೇಳುವವರಾದರೆ, ಆಪರೇಷನ್ನಿಗೆ ಮೊದಲೇ ಸರ್ಜನ್‌ಗೆ ಅದನ್ನು ಹೇಳಿಬಿಡಿ.

ಎಡಗಡೆಯ ನರ ಎದೆಯೊಳಗೆ ಹೋಗಿ ಬರುವುದರಿಂದ ಎದೆಯ ಕಾಯಿಲೆಯೂ ಸ್ವರ ಕೆಡಿಸುತ್ತದೆ. ಶ್ವಾಸಕೋಶದ ಗಡ್ಡೆ, ಮಹಾಪಧಮನಿಯ ಉಬ್ಬು, ಹೃದಯದ ಕವಾಟದ ಕಾಯಿಲೆಯಿಂದ ಹೃದಯದ ಕೋಣೆ ದೊಡ್ಡದಾಗುವುದು, ಇವೆಲ್ಲ ಮೊದಲು ಸ್ವರದಲ್ಲೇ ಕಾಣಿಸಿಕೊಳ್ಳಬಹುದು. ಸ್ವರ ಬಿದ್ದರೆ ಕರಿಮೆಣಸಿನ ಕಷಾಯ ಕುಡಿಯಿರಿ, ಬೇಡ ಅನ್ನುವುದಿಲ್ಲ. ಮೂರು ವಾರ ಕಳೆದರೂ ಸ್ವರ ಬರದಿದ್ದರೆ ಗಂಟಲಿನ ಡಾಕ್ಟರು ಒಳಗೆ ನೋಡಲೇಬೇಕು.

ಈ ನರ, ರಕ್ತನಾಳ, ಸ್ನಾಯುಗಳನ್ನೆಲ್ಲ ತೆಳ್ಳಗಿನ ಪೊರೆಗಳು ಸುತ್ತಿಕೊಂಡಿವೆ, ಅಡಿಕೆ ಮರದ ಹಾಳೆಗಳ ಹಾಗೆ ಒಂದರೊಳಗೆ ಒಂದು. ಪೊರೆಗಳ ನಡುವೆ ಖಾಲಿ ಜಾಗ ಉಂಟು, ಅದರಲ್ಲಿ ಒಂದು ಎದೆಯವರೆಗೂ ಇಳಿಯುತ್ತದೆ. ಕೆಳಗಿನ ದವಡೆ ಹಲ್ಲಿನ ಬುಡದ ಕೀವು ಈ ಜಾಗಗಳಿಗೆ ಸೇರಿದರೆ ಗದ್ದದ ಕೆಳಗೆ ಗಟ್ಟಿ ಬಾವು ಬರುತ್ತದೆ, ನಾಲಿಗೆ ಮೇಲೆ ಏಳುತ್ತದೆ, ಎಂಜಲು ನುಂಗಲಾಗುವುದಿಲ್ಲ. ಜರ್ಮನಿಯ ಲುಡ್ವಿಗ್ ಎಂಬ ವೈದ್ಯ 1836ರಲ್ಲಿ ಇದನ್ನು ವಿವರಿಸಿದ. ಇದರಲ್ಲಿ ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟಬಹುದು. ಹಲ್ಲುನೋವು ತಾನೇ ಅಂತ ಬೆಳಗಿನವರೆಗೆ ಕಾಯಬೇಡಿ.

ಕ್ಷೌರದಂಗಡಿಯಲ್ಲಿ ಕುತ್ತಿಗೆ ಲಟಕ್ಕನೆ ತಿರುಗಿಸುವುದು ನನಗೆ ಒಪ್ಪಿಗೆಯೇ ಇಲ್ಲ. ಕುತ್ತಿಗೆಯ ಮೂಳೆಗಳ ಬದಿಯಲ್ಲಿರುವ ತೂತುಗಳಲ್ಲಿ, ಆರನೆಯದರಿಂದ ಮೊದಲನೆಯವರೆಗೆ, ಮೆದುಳಿನ ಹಿಂಭಾಗಕ್ಕೆ ಹೋಗುವ ರಕ್ತನಾಳ ಹತ್ತುತ್ತದೆ. ಜೋರಾಗಿ ತಿರುಗಿಸಿದಾಗ ಅದರ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಅಪರೂಪ, ನಿಜ. ಆದರೆ ಆಗುವುದು ಪ್ರಾಯದವರಿಗೂ. ಕೂದಲು ಮಾತ್ರ ಸಾಕು ಅನ್ನಿ.

ಕೊನೆಗೆ ಕುತ್ತಿಗೆಯ ಗಂಟಿನ ವಿಷಯ. ನಾವು ಅಡಿಕೆ ಬೆಳೆದು ಬದುಕುವವರು, ಇದನ್ನು ಹೇಳುವುದು ನನಗೂ ಸುಲಭವಲ್ಲ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಪ್ರಕಟಿಸಿದೆ, ಹೊಗೆಸೊಪ್ಪು ಇಲ್ಲದಿದ್ದರೂ. ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಮೊದಲು ಹರಡುವುದು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡ್‌ಗಳಿಗೆ. ನೋವಿಲ್ಲದ ಗಟ್ಟಿ ಗಂಟು ಮೂರು ವಾರ ಕಳೆದರೂ ಕರಗದಿದ್ದರೆ ತೋರಿಸಿ. ಡಾಕ್ಟರು ಬಾಯಿ, ಗಂಟಲು ಪೂರ್ತಿ ನೋಡುತ್ತಾರೆ, ಆಮೇಲೆ ಸಪೂರ ಸೂಜಿಯಲ್ಲಿ ಸ್ವಲ್ಪ ಜೀವಕೋಶ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸೂಜಿ ಚುಚ್ಚಿದರೆ ಕಾಯಿಲೆ ಹರಡುತ್ತದೆ ಅಂತ ಹೆದರಿ ಈ ಪರೀಕ್ಷೆಯನ್ನೇ ಬೇಡ ಅನ್ನುವವರಿದ್ದಾರೆ. ಆ ಹೆದರಿಕೆ ಬೇಡ, ಮಾಡಿಸಿಕೊಳ್ಳಿ.

ನಮಸ್ಕಾರ.