ವಠಾರದ ಮನೆ, ಲಿನಕ್ಸ್ ಕಂಟೇನರ್

ನಮಸ್ಕಾರ ಕೇಳುಗರೇ.

ನಾನು ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ, ಒಂದೇ ನಲ್ಲಿ. ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಒಲೆ. ನೀರು, ಅಂಗಳ ಎಲ್ಲರದ್ದು. ಕಂಟೇನರ್ ಅಂದರೆ ಒಂದೇ ಕಂಪ್ಯೂಟರಿನೊಳಗೆ ಪ್ರೋಗ್ರಾಂಗಳಿಗೆ ಮಾಡಿಕೊಟ್ಟ ಬೇರೆ ಬೇರೆ ಮನೆ. ಅದೇನು ಅಂತ ಯಾರಾದರೂ ಕೇಳಿದರೆ ನನಗೆ ಆ ವಠಾರವೇ ನೆನಪಾಗುತ್ತದೆ. ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಲ್ಲೇ ಮಾಡಿದ ಇನ್ನೊಂದು ಕಂಪ್ಯೂಟರ್, ಹಾಗಲ್ಲ. ಅದು ಸೈಟು ತಗೊಂಡು, ಬೋರ್ ಹಾಕಿಸಿ ಕಟ್ಟಿದ ಸ್ವಂತ ಮನೆ. ಅದಕ್ಕೆ ತನ್ನದೇ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಇರುತ್ತದೆ. ಕಂಟೇನರ್‌ಗಳಿಗೆಲ್ಲ ಸೇರಿ ಒಂದೇ ಕರ್ನೆಲ್.

ಲಿಬ್‌ವರ್ಟ್ ಅನ್ನುವ ಲೈಬ್ರರಿ 2005ರಲ್ಲಿ ಶುರುವಾದಾಗ ಸ್ವಂತ ಮನೆಗಳನ್ನಷ್ಟೇ, ಅಂದರೆ ವರ್ಚುವಲ್ ಮಷೀನ್‌ಗಳನ್ನಷ್ಟೇ, ನೋಡಿಕೊಳ್ಳುತ್ತಿತ್ತು. ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು. 2008ರ ಜನವರಿಯಲ್ಲಿ ಬಂದ ಲಿನಕ್ಸ್ ಕರ್ನೆಲ್ 2.6.24ರಲ್ಲಿ ಸಿ-ಗ್ರೂಪ್ ಸೇರಿತು. ಯಾವ ಗುಂಪಿನ ಪ್ರೋಗ್ರಾಂಗಳಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು ಅಂತ ಅಳೆದು ಕೊಡುವ ಏರ್ಪಾಡು ಅದು. ಅದೇ ವರ್ಷ ಲಿಬ್‌ವರ್ಟ್‌ಗೆ ಲಿನಕ್ಸ್ ಕರ್ನೆಲ್‌ನಲ್ಲೇ ಇರುವ ಸೌಲಭ್ಯಗಳಿಂದ ಕಂಟೇನರ್ ನಡೆಸುವ ಕೆಲಸವೂ ಬಂತು.

ಕಂಟೇನರ್ ಹುಟ್ಟಿಸುವುದು ಅಷ್ಟೇನೂ ಕಷ್ಟವಲ್ಲ. ಹೆಸರು, ಮೆಮೊರಿ, ಮೊದಲು ಓಡಬೇಕಾದ ಪ್ರೋಗ್ರಾಂ, ಇಷ್ಟನ್ನು ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದರೆ ಸಾಕು. ಓಡುತ್ತಿರುವ ಪ್ರೋಗ್ರಾಂಗೆ ಪ್ರೊಸೆಸ್ ಅನ್ನುತ್ತಾರೆ. ಆ ಮೊದಲ ಪ್ರೊಸೆಸ್‌ಗೆ ಒಳಗೆ 1 ಅನ್ನುವ ನಂಬರ್. ಹೊರಗಿನಿಂದ ನೋಡಿದರೆ ನಂಬರ್ ಬೇರೆ. ವಠಾರದ ಪ್ರತಿ ಮನೆಯಲ್ಲೂ ಅಜ್ಜಿ ಅಂದರೆ ಆ ಮನೆಯ ಅಜ್ಜಿಯೇ ಅಲ್ವಾ, ಹಾಗೆ.

ಮುಗಿಸುವುದೇ ನಿಜವಾದ ಕೆಲಸ. ಲಿಬ್‌ವರ್ಟ್ ಗೊತ್ತಿಲ್ಲದ ದಿನಗಳಲ್ಲಿ ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಅದು ತಾಯಿ ಪ್ರೊಸೆಸ್ ಅನ್ನು ಮಾತ್ರ ಕೊಲ್ಲುತ್ತಿತ್ತು. ಅದು ಹುಟ್ಟಿಸಿದ ಮಕ್ಕಳು ಹಾಗೇ ಉಳಿದು, ನೆಟ್‌ವರ್ಕಿನ ಬಾಗಿಲಿನಂಥ ಪೋರ್ಟ್ ಹಿಡಿದು ಕೂತಿದ್ದವು. ಕಾರಣ ಹುಡುಕುವಷ್ಟರಲ್ಲಿ ಬೆಳಗಾಗಿತ್ತು. ಕಂಟೇನರ್‌ನಲ್ಲಿ ಹಾಗಾಗುವುದಿಲ್ಲ. ಒಳಗಿನ 1ನೇ ಪ್ರೊಸೆಸ್ ಹೋದರೆ ಉಳಿದವನ್ನೂ ಕರ್ನೆಲ್ಲೇ ಮುಗಿಸುತ್ತದೆ. ಮಿಕ್ಕ ಸಿ-ಗ್ರೂಪ್ ತೆಗೆಯುವುದು, ನೆಟ್‌ವರ್ಕ್ ಬಿಚ್ಚುವುದು ಲಿಬ್‌ವರ್ಟ್ ಪಾಲು.

ನನಗೆ ತುಂಬಾ ಹಿಡಿಸಿದ ಏರ್ಪಾಡು ಇನ್ನೊಂದಿದೆ. ಪ್ರತಿ ಕಂಟೇನರ್‌ಗೂ ಹೊರಗೆ ಒಂದು ಕಾವಲು ಪ್ರೊಸೆಸ್ ಇರುತ್ತದೆ. ಲಿಬ್‌ವರ್ಟ್‌ನ ಮುಖ್ಯ ಪ್ರೊಸೆಸ್ ನಿಂತು ಮತ್ತೆ ಎದ್ದರೂ ಒಳಗಿನವರಿಗೆ ಗೊತ್ತೇ ಆಗುವುದಿಲ್ಲ. ಎದ್ದ ಮೇಲೆ ಅದು ಫೈಲಿನಲ್ಲಿ ಬರೆದಿಟ್ಟ ಲೆಕ್ಕ ಓದಿಕೊಂಡು ಕಾವಲಿನವರ ಜೊತೆ ಮತ್ತೆ ಮಾತು ಶುರುಮಾಡುತ್ತದೆ. ವಠಾರದ ಯಜಮಾನರು ಊರಿಗೆ ಹೋಗಿ ಬಂದರೂ ಯಾರ ಮನೆಯ ಒಲೆಯೂ ಆರುತ್ತಿರಲಿಲ್ಲ.

ಹೋದ ವಾರ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕೀಬೋರ್ಡ್ ಮೇಲೆ ಬೆರಳಿಟ್ಟು ಹಾಗೇ ಕೂತಿದ್ದಳು. “ಸಾರ್, ಡಿಸ್ಟ್ರಾಯ್ ಅಂತ ಹೊಡೆದ್ರೆ ಎಲ್ಲಾ ಹೋಗ್ಬಿಡುತ್ತಾ?” ಅಂದಳು. ಅದು ಓಡುತ್ತಿರುವ ಕಂಟೇನರನ್ನು ನಿಲ್ಲಿಸುವ ಲಿಬ್‌ವರ್ಟ್‌ನ ಕಮಾಂಡ್. ಹೆಸರು ಕೇಳಿದರೆ ಯಾರಿಗಾದರೂ ಭಯ ಆಗುವುದೇ. “ಇಲ್ಲಮ್ಮ, ಕರೆಂಟ್ ಕಿತ್ತ ಹಾಗೆ ಅಷ್ಟೇ. ನೀನು ಮೊದಲೇ ಡಿಫೈನ್ ಮಾಡಿ, ಅಂದ್ರೆ ಆ ಎಕ್ಸ್‌ಎಂಎಲ್ ಫೈಲನ್ನು ಲಿಬ್‌ವರ್ಟ್ ಹತ್ರ ದಾಖಲು ಮಾಡಿಟ್ಟಿದ್ದೀಯ. ಬಾಡಿಗೆ ಕರಾರು ಹಾಗೇ ಇರುತ್ತೆ, ಸಾಮಾನೂ ಅಲ್ಲೇ ಇರುತ್ತೆ. ಕರಾರು ಹರಿಯೋದು ಅನ್‌ಡಿಫೈನ್,” ಅಂದೆ. ಅವಳು ಡಿಸ್ಟ್ರಾಯ್ ಹೊಡೆದಳು. ಪಟ್ಟಿಯಲ್ಲಿ ಕಂಟೇನರ್ ‘ಶಟ್ ಆಫ್’ ಅಂತ ತೋರಿಸಿತು. ಒಂದು ನಿಮಿಷ ಸುಮ್ನೆ ನೋಡಿದಳು. ಆಮೇಲೆ ಸ್ಟಾರ್ಟ್ ಅಂತ ಹೊಡೆದಳು.